ಕೆಂಪಿಗೆ ಕೆಂಪು, ಹಸಿರಿಗೆ ಹಸಿರು

ಅವರ ಬಲ ಅಂಗೈ ಹಲಗೆಯಂತೆ ಗಟ್ಟಿಯಾಗಿತ್ತು, ನಡುವೆ ಬೆಸುಗೆ ಕಡ್ಡಿ ತಾಗಿ ಸುಟ್ಟ ಕಪ್ಪು ಕಲೆ. ಹಾಡು ಶುರುವಾದ ಕೂಡಲೇ ಆ ಅಂಗೈಯನ್ನು ಸ್ಪೀಕರ್ ಬಾಕ್ಸಿನ ಮಗ್ಗುಲಿಗೆ ಇಟ್ಟು, ಜ್ವರ ಬಂದ ಕೂಸಿನ ಹೊಟ್ಟೆ ಮುಟ್ಟಿ ನೋಡುವವರ ಹಾಗೆ ಕಣ್ಣು ಮುಚ್ಚುತ್ತಿದ್ದರು. ಶಹಾಪುರದ ನಮ್ಮ ಓಣಿಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತಿದ್ದ ಅವರನ್ನು ಎಲ್ಲರೂ ಸೌಂಡಿನ ಕಾಕಾ ಎನ್ನುತ್ತಿದ್ದರು.

ನನಗೆ ಮೈಕಿನ ಮುಂದೆ ನಿಲ್ಲಲು ಕಲಿಸಿದವರು ಅವರೇ. ಕಾಲೇಜಿನ ಮೊದಲ ಚರ್ಚಾಸ್ಪರ್ಧೆಯಲ್ಲಿ ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದಾಗ ವೇದಿಕೆಯ ಕೆಳಗಿನಿಂದ ಕೈ ಎತ್ತಿ, "ತಮ್ಮಾ, ನೀ ಒದರಬ್ಯಾಡ, ಮಾತಾಡು. ಒದರೂದು ನಮ್ಮ ಡಬ್ಬಿ ಕೆಲಸ" ಎಂದರು. ಸಭೆ ನಕ್ಕಿತು. ನಾನು ದನಿ ಇಳಿಸಿದೆ, ಬಹುಮಾನ ಬಂತು. ಅಂದಿನಿಂದ ಅವರ ಅಂಗಡಿ ಕಟ್ಟೆಯೇ ನನ್ನ ಅಖಾಡವಾಯಿತು. ದೇವರು, ಜಾತಕ, ರಾಜಕೀಯ, ಏನೇ ಇರಲಿ, ನಾನು ಒಂದು ಕಡೆ ಹಿಡಿದರೆ ಅವರು ಇನ್ನೊಂದು ಕಡೆ. ಸೋತಾಗ ನಗುತ್ತ ಚಹಾ ತರಿಸುತ್ತಿದ್ದರು.

ಅವರ ಬಳಿ ಮೂರು ರ್‍ಯಾಕ್‌ಗಳಿದ್ದವು: ಆಂಪ್ಲಿಫೈಯರ್‌ಗಳನ್ನು ಒಂದರ ಮೇಲೊಂದು ಕೂಡಿಸಿದ ಕಬ್ಬಿಣದ ಕಪಾಟುಗಳು. ಮೂರಕ್ಕೂ ಒಂದೊಂದು ಕ್ರಾಸ್‌ಓವರ್. ಬಂದ ದನಿಯನ್ನು ಪಾಲು ಮಾಡಿ, ದಪ್ಪನೆಯದನ್ನು ಕೆಳಗಿನ ದೊಡ್ಡ ಬಾಕ್ಸಿಗೂ, ತೆಳ್ಳನೆಯದನ್ನು ಮೇಲಿನ ಹಾರ್ನಿಗೂ ಕಳಿಸುವ ಡಬ್ಬಿ ಅದು. ಹೆಂಡತಿ, ಅಂದರೆ ನಮ್ಮ ಕಾಕು, ಹಚ್ಚಿಕೊಳ್ಳುವ ಉಗುರುಬಣ್ಣದಿಂದ ಕಾಕಾ ಪ್ರತಿ ಜೋಡಿಗೂ ಚುಕ್ಕಿ ಇಟ್ಟಿದ್ದರು: ಕೆಂಪು, ಹಸಿರು, ನೀಲಿ. ಕ್ರಾಸ್‌ಓವರಿನ ಒಂದೊಂದು ತಿರುಗಿಸುವ ಗುಂಡಿ ಎಲ್ಲಿ ನಿಲ್ಲಬೇಕೋ ಅಲ್ಲಿಯೂ ಒಂದು ಚುಕ್ಕಿ. ಎಂಥ ಅವಸರವಿದ್ದರೂ ಕೆಂಪು ರ್‍ಯಾಕಿಗೆ ಕೆಂಪು ಕ್ರಾಸ್‌ಓವರೇ ಆಗಬೇಕು. ಒಮ್ಮೆ ಹಸಿರು ಡಬ್ಬಿ ಅಂಗಡಿಯಲ್ಲೇ ಉಳಿದಿತ್ತೆಂದು, ಸುರಪುರದ ಮದುವೆಯೊಂದರಲ್ಲಿ ವರನನ್ನು ಕುದುರೆಯ ಮೇಲೆ ಕಾಯಿಸಿ, ಶಹಾಪುರಕ್ಕೆ ಗಾಡಿ ಓಡಿಸಿಕೊಂಡು ಬಂದಿದ್ದರು.

"ಮೂರೂ ಒಂದೇ ಕಂಪನಿದು ಅಲ್ಲೇನ್ರಿ ಕಾಕಾ? ಯಾವುದು ಯಾವುದಕ್ಕ ಹಚ್ಚಿದ್ರೇನು? ಇದು ನಿಮ್ಮ ಮೂಢನಂಬಿಕಿ."

"ಒಬ್ಬಾಕಿ ತಾಯಿ ಮಕ್ಕಳು ಒಂದೇ ದನಿಲೆ ಅಳತಾವೇನ? ಇವು ಕೂಡಿ ಬಾಳ್ವಿ ಮಾಡ್ಯಾವ ತಮ್ಮಾ. ಜೋಡಿ ಒಡದ್ರ ಹಾರ್ನ್ ಸುಡತದ."

"ಕಿವಿಲೆ ಕೇಳಿ ಗುರ್ತಾ ಹಿಡೀತೀರೇನು ಹಂಗಾರ?"

"ಹಿಡೀತೀನಿ" ಎಂದುಬಿಟ್ಟರು. ವಾದದ ಬಿಸಿಯಲ್ಲಿ ಎಲ್ಲರೂ ಅಂಥದ್ದೊಂದು ಮಾತು ಆಡುತ್ತಾರೆ. ಎದುರಾಳಿ ಅದಕ್ಕಾಗಿಯೇ ಕಾದಿರುತ್ತಾನೆ. ನಾನೂ ಕಾದಿದ್ದೆ.

ಅಂದು ಮಧ್ಯಾಹ್ನ ಕಟ್ಟೆಯ ಮೇಲೆ ಸುರಪುರದ ಪೆಂಡಾಲಿನ ಸಾವಕಾರನೂ ಇದ್ದ. ಕಾಕಾನಿಗೆ ಬರುವ ಮದುವೆ ಕೆಲಸಗಳಲ್ಲಿ ಮುಕ್ಕಾಲು ಪಾಲು ಅವನ ಕೈಯಿಂದಲೇ ಬರುತ್ತಿದ್ದವು. ಪರೀಕ್ಷೆ ಮಾಡೋಣ ಎಂದೆ. ಕಾಕಾ ಬೆನ್ನು ತಿರುಗಿಸಿ ಕೂಡಬೇಕು, ಬಾಕ್ಸಿನ ಮೇಲೆ ಕೈ ಇಡಬಾರದು, ನಾನು ಜೋಡಿ ಬದಲಿಸುತ್ತೇನೆ, ಅವರು ಬಣ್ಣ ಹೇಳಬೇಕು.

"ಬ್ಯಾಡ ಬಿಡು ತಮ್ಮಾ" ಎಂದರು.

"ಯಾಕ್ರಿ, ಅಂಜಿದ್ರೇನು?"

ಸಾವಕಾರ ನಕ್ಕ. ಕಾಕಾ ತಿರುಗಿ ಕೂತರು.

ನಾನು ಜೋಡಿ ಬದಲಿಸಲಿಲ್ಲ. ಹಾರ್ನಿಗೆ ಹೋಗುವ ವೈರನ್ನೇ ಕಿತ್ತೆ. ಹಾಡು ಕಂಬಳಿ ಹೊದ್ದಂತೆ ಮಂಕಾಗಿ ಬಂತು, ತಾಳವಿಲ್ಲ, ಗೆಜ್ಜೆಯಿಲ್ಲ, ಬರೀ ಗುಮ್ ಗುಮ್. ಹಾದಿಯಲ್ಲಿ ಹೋಗುತ್ತಿದ್ದ ಹೆಂಗಸೂ ತಿರುಗಿ ನೋಡಿದಳು. ಕಾಕಾ ತಲೆದೂಗಿ, "ಕೆಂಪು ಇದು. ಬರಾಬರ್ ಕೂತದ ನೋಡು" ಎಂದರು.

"ಏ ಕಾಕಾ, ಹಾರ್ನ್ ಬಂದ್ ಅದಲ್ರಿ! ಕಿವಿಗೆ ಏನ್ ಮೇಣ ಹಾಕ್ಕೊಂಡೀರೇನು?" ಎಂದ ಸಾವಕಾರ.

ಅವರ ಅಂಗೈ ತನ್ನಷ್ಟಕ್ಕೆ ಬಾಕ್ಸಿನ ಕಡೆ ಹೋಗಿ, ನಡುದಾರಿಯಲ್ಲಿ ನಿಂತಿತು.

ಒಂದೇ ವಾರದಲ್ಲಿ ಮಾತು ಸುರಪುರ, ಯಾದಗಿರಿ ಎಲ್ಲ ಸುತ್ತಿತು. ಕಿವುಡನ ಸೌಂಡು. ಆ ಸಲ ಮದುವೆಯ ದಿನಗಳು ಬಂದವು, ಹೋದವು. ರ್‍ಯಾಕ್‌ಗಳು ಅಂಗಡಿಯಲ್ಲೇ ಧೂಳು ತಿಂದವು. ಕೊನೆಗೆ ಎಲ್ಲವನ್ನೂ ಆ ಸಾವಕಾರನೇ ಕೊಂಡ. ಹಳೆಯವಾಗಿ ಕಾಣುತ್ತವೆಂದು ಅವನ ಆಳುಗಳು ಚುಕ್ಕಿಗಳನ್ನು ಪೆಟ್ರೋಲ್ ಹಚ್ಚಿ ಒರೆಸಿದರು. ರಾಮಸಮುದ್ರದ ಮೊದಲ ಕಾರ್ಯಕ್ರಮದಲ್ಲೇ ಎರಡು ಹಾರ್ನ್ ಸುಟ್ಟವು.

ಅದನ್ನು ಕೇಳಿದ ದಿನ ಅವರ ಮನೆಗೆ ಹೋದೆ. ಬೈಯುತ್ತಾರೆಂದುಕೊಂಡಿದ್ದೆ.

"ನೀ ಖರೇನೇ ತೋರಿಸಿದಿ. ಖರೇಕ ನಾ ಏನ್ ಉತ್ತರ ಕೊಡ್ಲಿ? ತೆಳ್ಳನ ದನಿ ಹೋಗಿ ಭಾಳ ವರ್ಷ ಆತು. ಹಾರ್ನಿನ ಬಗಲಾಗೇ ಆಯುಷ್ಯ ಕಳದೀನಲ್ಲ. ಒಂದೊಂದು ಆಂಪ್ಲಿಫೈಯರ್ ಒಂದೊಂದು ವಯಸ್ಸಿಂದು, ಒಂದು ಜಾಸ್ತಿ ಒದರತದ, ಒಂದು ಕಮ್ಮಿ. ಕಿವಿ ಪೂರಾ ಹೋಗೂಕಿಂತ ಮೊದಲ ಎಲ್ಲಾ ಕೇಳಿ, ಕೂಡಿಸಿ, ಚುಕ್ಕಿ ಇಟ್ಟಿದ್ದೆ. ಆ ಚುಕ್ಕಿನೇ ನನ್ನ ಕಿವಿ ಇದ್ದುವು ತಮ್ಮಾ."

ನಾನು ಸಾಬೀತು ಮಾಡಿದ್ದು ಅವರಿಗೆ ಕೇಳಿಸುವುದಿಲ್ಲ ಎಂಬುದನ್ನು. ಜೋಡಿಗಳ ವಿಷಯದಲ್ಲಿ ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಚರ್ಚೆಯಲ್ಲಿ ಯಾರಾದರೂ ಹೀಗೆ ಒಂದನ್ನು ತೋರಿಸಿ ಇನ್ನೊಂದನ್ನು ಗೆದ್ದರೆ, ಹಿಡಿದು ನಿಲ್ಲಿಸುವ ಮೊದಲನೆಯವ ನಾನೇ.

ಅವರು ಜೇಬಿನಿಂದ ಮಡಚಿದ ಕಾಗದ ತೆಗೆದರು. ಕಡೇಚೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸ, ಅದರ ಅರ್ಜಿ. "ತುಂಬಿ ಕೊಡು. ನಿನ್ನ ಅಕ್ಷರ ಚೊಲೊ ಅವ." ಹೆಸರು, ವಯಸ್ಸು, ಊರು ಬರೆದೆ. ಕೆಳಗೊಂದು ಸಾಲಿತ್ತು: ಕಿವಿ ಸರಿಯಾಗಿ ಕೇಳಿಸುತ್ತದೆಯೇ? ಪೆನ್ನು ನಿಂತಿತು. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಈ ಸಲ ವಾದ ಮಾಡಬ್ಯಾಡ ತಮ್ಮಾ" ಎಂದರು.

ಹೌದು ಎಂದು ಬರೆದೆ.

ಆರು ತಿಂಗಳು ದುಡಿದರು. ಒಂದು ಬೆಳಿಗ್ಗೆ ಗೇಟಿನ ಬಳಿ ಹಿಂದೆ ಸರಿಯುತ್ತಿದ್ದ ಲಾರಿಯ ಕೆಳಗೆ ಸಿಕ್ಕರು. ಮಣ್ಣು ಮಾಡಿ ಬಂದ ಮೂರನೆಯ ದಿನ ಕಾರ್ಖಾನೆಯವನೊಬ್ಬ ಮನೆಗೆ ಬಂದ. ಪರಿಹಾರ ಕಷ್ಟವಾಗಬಹುದು ಎಂದು ಮೆಲ್ಲಗೆ ಹೇಳಿ ಅರ್ಜಿಯನ್ನು ಕಾಕು ಮುಂದೆ ಇಟ್ಟ.

"ಲಾರಿ ಹಿಂದ ಬರೂಮುಂದ ಟೀ ಟೀ ಅಂತ ಒದರಾಕತ್ತಿತ್ತಂತ" ಎಂದರು ಕಾಕು ನನ್ನ ಕಡೆ ತಿರುಗಿ. "ದೂರ ನಿಂತವರಿಗೂ ಕೇಳಸೇದಂತ. ಇವರಿಗೊಬ್ಬರಿಗೆ ಕೇಳಸಿಲ್ಲ. ಇದರಾಗ ಏನ್ ಬರದದ? ನನಗ ಓದಾಕ ಬರಂಗಿಲ್ಲ. ನೀ ಓದು ತಮ್ಮಾ."

ನಾನು ಓದಿದೆ. ಹೆಸರು, ವಯಸ್ಸು, ಊರು. ಆಮೇಲೆ ಆ ಸಾಲು, ಅದರ ಮುಂದೆ ನನ್ನ ಕೈಬರಹದ ಒಂದು ಪದ.

"ಹೌದು ಅಂತ ಅದ?" ಎಂದರು ಕಾಕು. "ಯಾರ್ ಬರದಾರ ಅದನ್ನ?"

ಕಾಕಾ ಕಲಿಸಿದ ಹಾಗೆ, ಒದರದೆ, ನಾನೇ ಎಂದು ಹೇಳಿದೆ.