ಹೊಟ್ಟೆಯೊಳಗಿನ ಆಲೆಮನೆ

ಹೋದ ಮಂಗಳವಾರ ಬಳ್ಳಾರಿ ಕಂಟೋನ್ಮೆಂಟಿನ ಡಾಕ್ಟರು ದಪ್ಪನೆಯ ಇಂಗ್ಲಿಷ್ ಪುಸ್ತಕ ಬಿಡಿಸಿ, ನನ್ನ ಹೆಂಡತಿಯ ಮಾತನ್ನು ನನಗೇ ಓದಿ ಹೇಳಿದರು. ಅವಳಿಗೆ ಓದು ಬರುತ್ತಿರಲಿಲ್ಲ. ತೀರಿಕೊಂಡು ನಾಲ್ಕು ತಿಂಗಳಾಯಿತು. ಆ ಮಾತು ಪುಸ್ತಕ ಸೇರಿದ್ದು ಹೇಗೆ?

ಹೇಳುತ್ತೇನೆ. ನನಗೆ ಸಿಹಿಮೂತ್ರದ ಕಾಯಿಲೆ. (ಮೂಗು ಮುರಿಯಬೇಡಿ. ನಿಮ್ಮಲ್ಲೂ ಕೆಲವರಿಗಿದೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.) ಹಿತ್ತಲಿನ ಬಚ್ಚಲ ಕಲ್ಲಿಗೆ ಇರುವೆ ಮುತ್ತಿದರೆ ಕಾಯಿಲೆ ಏರಿದೆ ಎಂದು ಲೆಕ್ಕ. ಬೆಳಿಗ್ಗೆ ನೀರು ಹೊಯ್ಯುವ ಮೊದಲು ಬಗ್ಗಿ ಆ ಕಲ್ಲು ನೋಡುವುದು ಅವಳ ಕೆಲಸ.

ಒಂದು ಶಿವರಾತ್ರಿ. ನಾನು ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಮಾರನೆಯ ಬೆಳಿಗ್ಗೆ ಹಿತ್ತಲಿನಿಂದ ಕೂಗಿದಳು.

“ನಿನ್ನೆ ಏನೂ ಉಂಡಿಲ್ಲಲ್ರಿ, ಮತ್ತ ಇರುವಿ ಯಾಕ ಬಂದಾವು?”

“ಅವಕ್ಕ ಉಪವಾಸ ಇಲ್ಲ, ಬಂದಾವು” ಎಂದೆ.

ಅವಳು ನಗಲಿಲ್ಲ. ಅವಳ ತವರು ಸಿರುಗುಪ್ಪದ ಹತ್ತಿರ, ಕೆಂಚನಗುಡ್ಡ. ಅವಳಪ್ಪನದು ಬೆಲ್ಲ ತೆಗೆಯುವ ಆಲೆಮನೆ. “ಹೊಲದಿಂದ ಕಬ್ಬು ಬರದ ದಿನಾನೂ ನಮ್ಮ ಗಾಣ ನಿಂದರ್ತಿರಲಿಲ್ರಿ. ಮೊದಲ ಕಡಿದು ಒಟ್ಟಿದ ಕಬ್ಬು ಹಾಕಿ ಬೆಲ್ಲ ತೆಗೀತಿದ್ರು. ನಿಮ್ಮ ಹೊಟ್ಟ್ಯಾಗೂ ಅಂಥಾದೊಂದು ಆಲಿಮನಿ ಐತಿ. ಸಿಹಿ ಬಿಟ್ರ ಸಾಲಂಗಿಲ್ಲ, ಗಾಣ ನಿಲ್ಲಿಸಬೇಕು.”

“ಹಂಗಾದ್ರ ಬೆಲ್ಲ ಮಾರಾಕ ಸಿರುಗುಪ್ಪ ಸಂತಿಗೆ ಗಾಡಿ ಕಟ್ಟಲೇನು?”

“ನಗ್ರಿ, ನಗ್ರಿ. ಕಹಿ ತಿಂದು ನಗ್ರಿ.”

ತಿನ್ನಿಸಿದಳು. ಬೆಳಿಗ್ಗೆ ನೆನೆಸಿದ ಮೆಂತ್ಯ, ಮಧ್ಯಾಹ್ನ ಹಾಗಲಕಾಯಿ, ಸಂಜೆ ನೇರಳೆ ಬೀಜದ ಪುಡಿ. ಕೆಲವೇ ವಾರಗಳಲ್ಲಿ ಇರುವೆ ಕಡಿಮೆಯಾದವು. ಓಣಿಯವರು ನಕ್ಕರು. ಅಕ್ಷರ ಕಲಿಸುವ ಮಾಸ್ತರನಾದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಗುತ್ತಲೇ ಎಂಟು ವರ್ಷ ಚೆನ್ನಾಗಿ ಬದುಕಿದೆ.

ಐದು ದಿನದ ಜ್ವರದಲ್ಲಿ ಹೋದವಳು ಅವಳು.

ಕುರುಗೋಡಿನಿಂದ ನನ್ನ ಅಕ್ಕ ಬಂದು ಒಲೆ ಹಿಡಿದಳು. ಹಾಗಲಕಾಯಿ ತಂದರೆ ಕೈಯಿಂದ ಕಸಿದುಕೊಂಡಳು. “ಹೆಂಡ್ತಿ ಸತ್ತೋನಿಗೆ ಮತ್ತ ಕಹಿ ಉಣಿಸಲೇನು ತಮ್ಮಾ? ಸಿಹಿ ಮುಟ್ಟಬ್ಯಾಡ, ಒಪ್ಪತ್ತು ಉಣ್ಣು, ಸಾಕು.” ಪ್ರೀತಿಯ ಮಾತು. ನನಗೂ ಎದುರಾಡುವ ಮನಸ್ಸಿರಲಿಲ್ಲ. ಸಿಹಿ ಬಿಟ್ಟೆ, ರಾತ್ರಿಯ ಊಟ ಬಿಟ್ಟೆ. ಸೊರಗಿದೆ. ಕಲ್ಲಿನ ಮೇಲೆ ಇರುವೆ ಸಾಲುಗಟ್ಟಿದವು.

ಆಗ ಹೋದದ್ದು ಕಂಟೋನ್ಮೆಂಟಿಗೆ. ಡಾಕ್ಟರು ನಮ್ಮ ಬಳ್ಳಾರಿಯ ಮುಸಲ್ಮಾನರೇ, ಮದ್ರಾಸಿನಲ್ಲಿ ಓದಿದವರು. ನೀಲಿ ಔಷಧಿಗೆ ನನ್ನ ಮೂತ್ರ ಹಾಕಿ ಕಾಯಿಸಿದರು. ಇಟ್ಟಿಗೆಯ ಬಣ್ಣಕ್ಕೆ ತಿರುಗಿತು; ಸಕ್ಕರೆ ಬಹಳ ಇದೆ ಎಂದು ಅದರ ಗುರುತು.

“ಒಪ್ಪತ್ತು ಉಂಡ್ರೂ ಹಿಂಗ್ಯಾಕ್ರಿ?” ಎಂದೆ.

“ಉಪವಾಸ ಮಾಡಿದ್ರ ಸಕ್ಕರಿ ನಿಲ್ಲಂಗಿಲ್ರಿ ಮಾಸ್ತರ. ನಮ್ಮ ಲಿವರ್, ಅದs ಕಲೀಜ, ತಾನ ಸಕ್ಕರಿ ಮಾಡ್ತೈತಿ. ಉಂಡಾಗ ಕೂಡಿಟ್ಕೊಂತೈತಿ, ಉಣ್ಣದಾಗ ಬಿಡ್ತೈತಿ. ವಿಲಾಯತಿ ಸೀಮಿ ಪಂಡಿತರು ಕಂಡುಹಿಡಿದಾರ. ಇಲ್ಲೇ ಈ ಪುಸ್ತಕದಾಗ ಐತಿ ನೋಡ್ರಿ.”

“ಒಟ್ಟಿದ ಕಬ್ಬು” ಎಂದೆ.

“ಏನಂದ್ರಿ?”

ಶಿವರಾತ್ರಿ, ಇರುವೆ, ಆಲೆಮನೆ, ಎಲ್ಲ ಹೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಕೂತರು. ಕಹಿ ತಿಂದರೆ ಕಲೀಜದ ಗಾಣ ನಿಲ್ಲುತ್ತದೆಯೇ ಎಂದು ಕೇಳಿದೆ.

“ಪುಸ್ತಕದಾಗ ಇಲ್ರಿ. ನೇರಳಿ ಬೀಜ ಸೀಮಿಗೂ ತರಿಸ್ಕೊಂಡು ನೋಡಾಕತ್ಯಾರಂತ. ಹೆಂಗ ಕೆಲಸ ಮಾಡ್ತೈತಿ, ಅವರಿಗೂ ಗೊತ್ತಿಲ್ಲ. ಅಮ್ಮಾರು ಕೊಟ್ಟಿದ್ದನ್ನ ಬಿಡಬ್ಯಾಡ್ರಿ.” ಪೆನ್ಸಿಲ್ ತೆಗೆದರು. “ಅವರ ಹೆಸರೇನ್ರಿ?”

ಹೆಂಡತಿಯ ಹೆಸರು ಹಿಡಿಯುವ ರೂಢಿ ನಮ್ಮಲ್ಲಿಲ್ಲ. ಇಪ್ಪತ್ತಾರು ವರ್ಷ ‘ಏ, ಇಲ್ಲಿ ಕೇಳು’ ಎಂದೇ ಕಳೆದವನು ನಾನು. (ನಿಮ್ಮ ಮನೆಯಲ್ಲಿ ಬೇರೆ ಉಂಟೇ?) ಕೊನೆಗೆ ಹೇಳಿದೆ. ಪಕ್ಕದ ಕೋಣೆಗೂ ಕೇಳುವಷ್ಟು ಜೋರಾಗಿ.

ಅಕ್ಕನೇ ಈಗ ಹಾಗಲಕಾಯಿ ಹೆಚ್ಚುತ್ತಾಳೆ. ಇರುವೆ ಇನ್ನೂ ಬರುತ್ತಿವೆ. ಕಲ್ಲನ್ನು ಈಗ ನಾನೇ ಬಗ್ಗಿ ನೋಡುತ್ತೇನೆ.

ಡಾಕ್ಟರರ ಪುಸ್ತಕದಲ್ಲಿ, ಸೀಮೆಯ ಪಂಡಿತರ ಸಾಲಿನ ಪಕ್ಕಕ್ಕೆ, ಕನ್ನಡ ಅಕ್ಷರದಲ್ಲಿ ಇನ್ನೊಂದು ಹೆಸರಿದೆ: ಕೆಂಚನಗುಡ್ಡದ ಗಂಗವ್ವ.