ಹರಿದ ಅಂಗಿಯ ಆಯಸ್ಸು

ಸ್ನೇಹಿತರೇ, ಇವತ್ತು ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಒಂದು ಬಂಡಾಯ ಹುಟ್ಟಿ, ನಾನು ಸ್ನಾನ ಮುಗಿಸುವಷ್ಟರಲ್ಲಿ ಸತ್ತುಹೋಯಿತು.

ಚಳ್ಳಕೆರೆಯ ಗೆಳೆಯ, ಮೆಕ್ಯಾನಿಕ್ ಸಾದಿಕ್‌ನ ಮನೆಯಲ್ಲಿ ಮಧ್ಯಾಹ್ನ ಪಂಕ್ ರಾಕ್ ಎಂಬ ಬಂಡಾಯದ ಸಂಗೀತ ಶುರುವಾದ ಕಾಲದ ಸಾಕ್ಷ್ಯಚಿತ್ರ ನೋಡುವುದಿತ್ತು. "ಲೇ, ಆ ಹಾಡುಗಾರ್ರಂಗೇ ಹರಿದಿರೋ ಬಟ್ಟೆ ಹಾಕ್ಕಂಡು ಬಾ. ನೆಟ್ಟಗೆ ಬಂದ್ರೆ ಒಳಗೆ ಬಿಡಲ್ಲ" ಎಂದಿದ್ದ. ಟ್ರೇಲರ್ ನೋಡಿಕೊಂಡು ಕರಿ ಅಂಗಿಯ ಭುಜ ಹರಿದೆ. ಅವ್ವನ ಬಳೆಯಲ್ಲಿದ್ದ ಪಿನ್ನುಗಳನ್ನೆಲ್ಲ ಇಸಿದುಕೊಂಡು ಸಿಕ್ಕಿಸಿದೆ. ಗೂಟಕ್ಕೆ ನೇತುಹಾಕಿ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಅಂಗಿ ಅಪ್ಪನ ತೊಡೆಯ ಮೇಲಿದೆ. ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದ ಕೈ. ಎಳೆಗೆ ಎಳೆ ಸೇರಿಸಿಬಿಟ್ಟಿದ್ದಾರೆ. ಎಲ್ಲಿ ಹರಿದಿತ್ತೆಂದು ನನಗೇ ಗೊತ್ತಾಗಲಿಲ್ಲ. ಪಿನ್ನುಗಳು ಆಗಲೇ ಅವ್ವನ ಬಳೆಗೆ ವಾಪಸ್.

"ಅಪ್ಪಾ, ಬೇಕಂತಲೇ ಹರಿದಿದ್ದೆ!"

"ನೇಯೋರ ಮನೇಲಿ ಬೇಕಂತ ಬಟ್ಟೆ ಹರೀತಾರೇನಲೇ?"

ಸಿಟ್ಟಿನಲ್ಲಿ ಮೊಬೈಲು ಮುಂದೆ ಹಿಡಿದು ಟ್ರೇಲರ್ ತೋರಿಸಿದೆ. ಕಿವಿಗೆ ಪಿನ್ನು ಚುಚ್ಚಿಕೊಂಡ ಹಾಡುಗಾರ, ಅಂಗಿಯೆಲ್ಲ ಚಿಂದಿ, ಸರ್ಕಾರದ ಮೇಲೆ ಕಿರುಚುತ್ತಿದ್ದ. ಅಪ್ಪ ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದರು.

"ಪಾಪ, ಸಿಟ್ಟು ಬರ್ದೆ ಇರ್ತೈತಾ? ಅವ್ನ ಮನೇಲಿ ನೇಯೋರು ಯಾರೂ ಇಲ್ಲೇನೋ."

ಸಾದಿಕ್‌ನ ಬಾಗಿಲಲ್ಲಿ ನಿಂತು ಭುಜ ತೋರಿಸಿ, "ಇಲ್ಲೇ ಹರಿದಿತ್ತು ಕಣಲೇ" ಎಂದು ಎಷ್ಟು ಆಣೆ ಮಾಡಿದರೂ ಅವನು ನಂಬಲಿಲ್ಲ. ಲೋಕದ ಬಂಡಾಯಗಾರರನ್ನೆಲ್ಲ ಕಿಟಕಿಯ ಸರಳು ಹಿಡಿದುಕೊಂಡು ಹೊರಗಿನಿಂದಲೇ ನೋಡಿ ಬಂದೆ.