ಮಿರ್ಜಾ ಒಬೈದ್ ಬರೆಯದ ಹೇಳಿಕೆ

ಮಿರ್ಜಾ ಒಬೈದ್ ಕಳೆದ ಸೋಮವಾರ ತೀರಿಕೊಂಡ. ಹೃದಯ ನಿಂತಿತು ಎಂದು ಅವನನ್ನು ಹಿಡಿದಿಟ್ಟವರು ಫೋನಿನಲ್ಲಿ ಹೇಳಿದರು. ಯಾವ ಕಟ್ಟಡದಲ್ಲಿ, ಎಷ್ಟು ಹೊತ್ತಿಗೆ, ಪಕ್ಕದಲ್ಲಿ ಯಾರಿದ್ದರು ಎಂದು ಹೇಳಲಿಲ್ಲ. ಅರವತ್ಮೂರು ವರ್ಷದ ಅವನಿಗೆ ಹೃದಯದ ಕಾಯಿಲೆ ಇರಲಿಲ್ಲ. ಇದ್ದದ್ದು ಮಂಡಿನೋವು.

ಹೆಣ ಕೊಡುವ ಮುಂಚೆ ಅವನ ಹೆಂಡತಿ ಪಿರೋಜ್‌ಗೆ ಎರಡು ಕಾಗದ ತೋರಿಸಿದರು. ಮೊದಲನೆಯದಕ್ಕೆ ಅವಳ ಸಹಿ ಬೇಕಿತ್ತು: ಯಾರ ಮೇಲೂ ದೂರಿಲ್ಲ, ಮಣ್ಣಿಗೆ ಐದೇ ಜನ ಬರುತ್ತೇವೆ, ಮಸೀದಿಯಲ್ಲಿ ಶೋಕಕ್ಕೆ ಕೂರುವುದಿಲ್ಲ. ಎರಡನೆಯದನ್ನು ಸುಮ್ಮನೆ ಓದಲು ಕೊಟ್ಟರು. ಮಿರ್ಜಾನ ಹೆಸರಿನಲ್ಲಿ ಇದ್ದ ಹೇಳಿಕೆ ಅದು. ಹೊರದೇಶದವರಿಗೆ ನಾನು ಕಳಿಸಿದ ಸಾಕ್ಷ್ಯ ಸುಳ್ಳು, ಇದನ್ನು ನನ್ನ ಮೇಜಿನ ಮುಂದೆಯೇ ಕೂತು ಸ್ವಂತ ಇಚ್ಛೆಯಿಂದ ಬರೆದಿದ್ದೇನೆ ಎಂದಿತ್ತು. ಕೆಳಗೆ ಅವನನ್ನು ಹಿಡಿದೊಯ್ದ ದಿನದ ತಾರೀಖು.

ಆ ಐವರಲ್ಲಿ ನಾನೊಬ್ಬ, ಹಾಗಾಗಿ ಆ ಎರಡನೆಯ ಕಾಗದ ನನ್ನ ಕೈಗೂ ಬಂತು. ಅಕ್ಷರ ಅವನದರ ಹಾಗೇ ಇತ್ತು. ನಾಚಿಕೆಯಿಂದ ಹೇಳುತ್ತೇನೆ, ಒಂದು ಗಳಿಗೆ ನಂಬಿದೆ. ಪಿರೋಜ್ ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀವೂನಾ, ಮಾಮೋಸ್ತಾ?" ಎಂದಳು.

ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು, ಊರೆಲ್ಲ ನನ್ನನ್ನು ಮಾಮೋಸ್ತಾ ಎಂದೇ ಕರೆಯುತ್ತದೆ.

ಆ ಕಾಗದ ನಿಜವಾದರೆ ಅವನ ಸಾಕ್ಷ್ಯದ ಮೇಲೆ ನಿಂತ ಹತ್ತೊಂಬತ್ತು ಮನೆಗಳ ದೂರು ಬಿದ್ದುಹೋಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ಜನರ ಹೆಸರುಗಳಲ್ಲಿ ಅವನದೊಂದೇ ನಿಜ, ಅದನ್ನು ಮುಚ್ಚಬಾರದು ಎಂದು ಅವನೇ ಹೇಳಿದ್ದ.

ಅವನು ಅರ್ಜಿ ಬರೆಯುವವನು. ಕೋರ್ಟಿನ ಗೇಟಿನ ಪಕ್ಕ ಒಂದು ಮಡಿಚುವ ಮೇಜು, ಮೂರು ಸ್ಟೂಲು, ಮೂವತ್ತೆರಡು ವರ್ಷ. ಹೊಲದ ಪಾಲು, ವಿಚ್ಛೇದನ, ಪಿಂಚಣಿ. ಕಚೇರಿಗೆ ಫಾರ್ಸಿಯೇ ಆಗಬೇಕು, ಬರುವವರಿಗೆ ಬರುವುದು ಕುರ್ದಿ. ಉಳಿದವರು ಬರೆದು, ಹೆಬ್ಬೆಟ್ಟು ಒತ್ತಿಸಿ ಕಳಿಸುತ್ತಿದ್ದರು. ಮಿರ್ಜಾ ಮಾತ್ರ ಬರೆದದ್ದನ್ನು ಸಾಲುಸಾಲಾಗಿ ಕುರ್ದಿಯಲ್ಲಿ ಹೇಳದೆ ಯಾರ ಬೆರಳನ್ನೂ ಮಸಿಗೆ ತಾಗಿಸುತ್ತಿರಲಿಲ್ಲ. ವಿಚ್ಛೇದನಕ್ಕೆ ಬಂದ ಒಬ್ಬಳು ಪೂರ್ತಿ ಕೇಳಿಸಿಕೊಂಡು, "ಇಷ್ಟೆಲ್ಲಾ ಮಾಡಿದ್ನಾ ಆ ಮುಂಡೇಗಂಡ? ತಡಿ, ಇನ್ನೆರಡು ನೆನಪಾಯ್ತು, ಸೇರ್ಸು" ಎಂದಳಂತೆ. ಅದನ್ನು ಹೇಳುವಾಗೆಲ್ಲ ಅವನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

ಹುಡುಗಿಯರು ತಲೆವಸ್ತ್ರ ಬಿಚ್ಚಿ ಬೀದಿಗಿಳಿದ ಶರತ್ಕಾಲದಲ್ಲಿ ನಮ್ಮೂರಿನಲ್ಲಿ ಆರು ವಾರಕ್ಕೆ ಹತ್ತೊಂಬತ್ತು ಜನ ಸರ್ಕಾರದವರ ಗುಂಡಿಗೆ ಸತ್ತರು. ಹೆಣ ಬೇಕಾದರೆ ಹೆತ್ತವರು ಬರೆದುಕೊಡಬೇಕಿತ್ತು: ಮಾಳಿಗೆಯಿಂದ ಬಿದ್ದ, ಬೈಕಿನಿಂದ ಬಿದ್ದ, ಮೊದಲೇ ಕಾಯಿಲೆಯಿತ್ತು. ಬರೆಸಲು ಅವರನ್ನು ಗೇಟಿಗೆ ಹತ್ತಿರದ ಮೇಜಿಗೆ ಕಳಿಸುತ್ತಿದ್ದರು, ಹಿಂದೆ ಒಬ್ಬ ಅಧಿಕಾರಿ ನಿಂತಿರುತ್ತಿದ್ದ. ಮಿರ್ಜಾ ಬರೆದ. ಹತ್ತೊಂಬತ್ತನ್ನೂ ಬರೆದ. ಬರೆದದ್ದನ್ನು ಓದಿಯೂ ಹೇಳಿದ.

ಹಲೀಮೆ ಎಂಬ ತಾಯಿಗೆ, ನಿನ್ನ ಮಗ ಝಾನಿಯಾರ್ ಬೈಕಿನಿಂದ ಬಿದ್ದು ಸತ್ತಿದ್ದಾನೆ ಎಂದಿದೆ ಎಂದು ಹೇಳಿದಾಗ ಅವಳು ಸ್ಟೂಲಿನಿಂದ ಎದ್ದಳು.

"ಅವನಿಗೆ ಬೈಕೇ ಓಡ್ಸಕ್ಕೆ ಬರ್ತಿರ್ಲಿಲ್ಲ ಕಣೋ!"

"ಗೊತ್ತು, ದಾಯೆ. ಬೆರಳಿಡೋ ಮುಂಚೆ ಇದರಲ್ಲಿ ಏನಿದೆ ಅಂತ ನಿಂಗೂ ಗೊತ್ತಿರ್ಲಿ."

ದಾಯೆ ಎಂದರೆ ಅಮ್ಮ. ಆ ಅಮ್ಮ ಬೆರಳೊತ್ತಿ, ಅವನ ಮೇಜಿನ ಮೇಲೆ ಉಗಿದು ಹೋದಳು.

ಅಂದಿನಿಂದ ಊರು ಅವನಿಗೆ ಬೆನ್ನು ತಿರುಗಿಸಿತು. ಅವನು ಮಾಂಸದಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. "ಏನ್ ಮಿರ್ಜಾ, ತಿಂಗಳ ಸಂಬಳನೋ, ಹೆಣಕ್ಕಿಷ್ಟು ಅಂತಾನೋ?" ಎಂದು ಯಾರೋ ಹಿಂದಿನಿಂದ ಕೇಳಿದರೆ ಅವನು ತಿರುಗುತ್ತಿರಲಿಲ್ಲ. ಗೇಟಿನ ಕಾವಲುಗಾರ ಅವನನ್ನು ಹೆಸರು ಹಿಡಿದು ಕರೆಯುವುದನ್ನು, ಇವನು ಅವನಿಗೆ ಸಿಗರೇಟು ಹಚ್ಚಿಕೊಡುವುದನ್ನು ನಾನೇ ಕಂಡಿದ್ದೆ. ಮೂವತ್ತೆರಡು ವರ್ಷವೂ ಹಾಗೆಯೇ ಇತ್ತು. ಆ ಶರತ್ಕಾಲದಲ್ಲಿ ಮಾತ್ರ ಅದು ಬೇರೆ ಥರ ಕಾಣಿಸಿತು.

ಅಷ್ಟರಲ್ಲಿ ನಾನೊಂದು ಮನವಿ ಬರೆಯತೊಡಗಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿ ಚಿಮನ್ ಗಡಿಯಾಚೆ ಸುಲೈಮಾನಿಯಲ್ಲಿದ್ದಾಳೆ. ಅಲ್ಲಿಂದ ಜಿನೀವಾದ ಮಾನವ ಹಕ್ಕುಗಳ ಕಚೇರಿಗೆ ಕಾಗದ ತಲುಪಿಸುವ ಗುಂಪಿನಲ್ಲಿ ಅವಳು ಕೆಲಸ ಮಾಡುತ್ತಾಳೆ. ಹೊರಗಿನ ದೇಶಗಳು ವಿಚಾರಣೆ ಮಾಡಲಿ, ಬರೀ ಬಾಯಿಮಾತಿನ ಖಂಡನೆ ಸಾಲದು ಎಂದು ಕೇಳುವುದು ನಮ್ಮ ಉದ್ದೇಶ. ನಾನು ಮನೆಮನೆಗೆ ಹೋದೆ. ಏಳು ಮನೆಯವರು ಒಪ್ಪಿದರು. ಉಳಿದವರು ಚಹಾ ಕೊಟ್ಟು ಹವಾಮಾನದ ಮಾತಾಡಿದರು. ನನ್ನನ್ನೂ ಅವರು ನಂಬಿರಲಿಲ್ಲ, ತಪ್ಪೂ ಅಲ್ಲ.

ಮಿರ್ಜಾನನ್ನು ಪರೀಕ್ಷಿಸಲು ನಾನೊಂದು ಉಪಾಯ ಹೂಡಿದೆ. ಗುರುವಾರ ಸಂಜೆ ನಮ್ಮನೆಯಲ್ಲಿ ಕೆಲವರು ಸೇರುತ್ತೇವೆ ಎಂದು ಅವನೊಬ್ಬನಿಗೇ ಹೇಳಿದೆ. ಸಭೆ ಇರಲಿಲ್ಲ. ಗುರುವಾರ ಬೀದಿಯ ತುದಿಯಲ್ಲಿ ಬಿಳಿ ಕಾರೊಂದು ಒಂದು ಗಂಟೆ ನಿಂತಿತ್ತು. ಪರದೆಯ ಸಂದಿನಿಂದ ಅದನ್ನೇ ನೋಡುತ್ತಾ, ಐವತ್ತು ವರ್ಷದ ಗೆಳೆತನವನ್ನು ಮನಸ್ಸಿನಲ್ಲೇ ಮುಗಿಸಿಬಿಟ್ಟೆ. ಆ ಕಾರಿನವರು ಮೂಲೆಮನೆಗೆ ಹೆಣ್ಣು ಕೇಳಲು ಬಂದಿದ್ದರೆಂದು ತಿಂಗಳಾದ ಮೇಲೆ ತಿಳಿಯಿತು.

ಮರುವಾರ ಮಿರ್ಜಾನೇ ನಮ್ಮನೆಗೆ ಬಂದ. ಸ್ಟೌ ಪಕ್ಕ ಕಾಲು ಚಾಚಿ, ಮಂಡಿ ಉಜ್ಜಿಕೊಳ್ಳುತ್ತಾ ಕೇಳಿದ:

"ಸಭೆ ಹೇಗಾಯ್ತು?"

"ಯಾವ ಸಭೆ?"

"ಅದೇ, ಯಾರೂ ಬರದಿದ್ದ ಸಭೆ." ನಕ್ಕ. "ಬೇಜಾರಿಲ್ಲ ಕಣಯ್ಯಾ. ನಿನ್ನ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಸ್ವಲ್ಪ ಚೆನ್ನಾಗಿ ಮಾಡ್ತಿದ್ದೆ, ಅಷ್ಟೆ. ಏಳು ಮನೆ ಒಪ್ಪಿದ್ವಂತೆ?"

"ನಿಂಗೆ ಯಾರು ಹೇಳಿದ್ರು?"

"ಊರಿಗೆಲ್ಲಾ ಗೊತ್ತು. ನಿನ್ನಂಗೆ ಗುಟ್ಟಾಗಿ ನಡೆಯೋನು ಇನ್ನೊಬ್ಬ ಇಲ್ಲ. ಫರ್ಲಾಂಗ್ ದೂರದಿಂದ್ಲೇ ಗೊತ್ತಾಗುತ್ತೆ. ಎಲ್ಲಿ, ಬರ್ದಿರೋದು ತೋರ್ಸು."

ಏಕೋ ತೋರಿಸಿದೆ. ಕನ್ನಡಕ ಏರಿಸಿ ಓದಿದ.

"ಆಕಾಶವೇ ಅತ್ತಿತು ಅಂತ ಬರ್ದಿದ್ದೀಯ. ಯಾವ ತಾರೀಖು ಅತ್ತಿತು? ಎಷ್ಟು ಗಂಟೆಗೆ? ನೋಡು ಮಾಮೋಸ್ತಾ, ಜಿನೀವಾದಲ್ಲಿ ನಮ್ಮ ಸರ್ಕಾರದೋರು ಏನ್ ಮಾಡ್ತಾರೆ ಗೊತ್ತಾ? ಹತ್ತೊಂಬತ್ತು ಕಾಗದ ಹರಡ್ತಾರೆ. ನೋಡಿ ಸ್ವಾಮಿ, ಅಪ್ಪ ಅಮ್ಮನೇ ಬರ್ದುಕೊಟ್ಟಿದ್ದಾರೆ, ಬೈಕು, ಮಾಳಿಗೆ ಅಂತಾರೆ. ಆಗ ನಿನ್ನ ಆಕಾಶ ಏನ್ ಮಾಡುತ್ತೆ?"

ಒಳಜೇಬಿನಿಂದ ನಾಲ್ಕು ಹಾಳೆ ತೆಗೆದು ನನ್ನ ಮುಂದಿಟ್ಟ. ಮೊದಲ ಸಾಲಿನಲ್ಲಿ ಅವನ ಹೆಸರು, ತಂದೆಯ ಹೆಸರು, ಗುರುತಿನ ಸಂಖ್ಯೆ. ಆಮೇಲೆ: ಈ ಹತ್ತೊಂಬತ್ತು ಹೇಳಿಕೆಗಳನ್ನು ಬರೆದವನು ನಾನು. ಪ್ರತಿಯೊಂದನ್ನೂ ಅಧಿಕಾರಿ ಹಿಂದೆ ನಿಂತು ಬರೆಸಿದ. ಪ್ರತಿಯೊಂದೂ ಸುಳ್ಳು. ಹೆತ್ತವರು ಸ್ಟೂಲಿನಲ್ಲಿ ಕೂತ ಕೂಡಲೇ, ಅಧಿಕಾರಿ ಬಾಯಿ ಹಾಕುವ ಮುಂಚೆ ಕುರ್ದಿಯಲ್ಲಿ ನನಗೆ ಹೇಳಿದ್ದು ಇದು. ಅದರ ಕೆಳಗೆ ಹತ್ತೊಂಬತ್ತು ಹೆಸರು, ವಯಸ್ಸು, ಬೀದಿ, ಹೊತ್ತು, ಗುಂಡು ಹೊಕ್ಕ ಜಾಗ. ವಿಶೇಷಣ ಒಂದೂ ಇರಲಿಲ್ಲ.

"ಎಲ್ಲರನ್ನೂ ಕೇಳಿದ್ದೀನಿ. ಒಪ್ಪಿದ್ದಾರೆ" ಎಂದ.

"ಬಿಟ್ಟುಹೋಗು. ನೋಡ್ತೀನಿ" ಎಂದೆ.

ಹನ್ನೆರಡು ದಿನ ನಾನು ಅದನ್ನು ಹಿಟ್ಟಿನ ಡಬ್ಬದ ಕೆಳಗೆ ಇಟ್ಟುಕೊಂಡೆ. ಇದು ಬಲೆ ಎಂದೇ ನನಗೆ ಖಾತ್ರಿಯಾಗಿತ್ತು. ಹತ್ತೊಂಬತ್ತು ಮನೆಯ ಹೆಸರೂ ಒಂದೇ ಕಡೆ, ಅದೂ ನನ್ನ ಮನೆಯಲ್ಲಿ. ಬಾಗಿಲು ಬಡಿದರೆ ಮುಗಿಯಿತು. ನನ್ನ ಬಾಗಿಲು ತಟ್ಟಿದವರೆಲ್ಲ, ಗ್ಯಾಸ್ ಮೀಟರ್ ನೋಡುವವನೂ ಸೇರಿ, ಅವನು ಕಳಿಸಿದವರ ಹಾಗೆ ಕಂಡರು. ಹದಿಮೂರನೆಯ ದಿನ, ಅವನ ಸುಳ್ಳು ಹಿಡಿಯಬೇಕೆಂದೇ, ಅವನನ್ನು ಎಂದೂ ಕ್ಷಮಿಸಲಾರಳು ಎಂದುಕೊಂಡಿದ್ದ ಹಲೀಮೆಯ ಮನೆಗೆ ಹೋದೆ.

"ಮಿರ್ಜಾ ಬಂದಿದ್ನಾ, ದಾಯೆ?"

"ಬಂದಿದ್ದ. ಬಾಗಿಲಲ್ಲೇ ನಿಲ್ಸಿ ಕಳಿಸ್ದೆ. ಮತ್ತೆ ಬಂದ, ಮತ್ತೆ ಕಳಿಸ್ದೆ. ಮೂರನೇ ಸಲ ಒಳಗೆ ಕರ್ದೆ. ಪಾಪ, ಮಂಡಿ ಮಡಚಕ್ಕೆ ಆಗಲ್ಲ ಅವನಿಗೆ."

"ಹೆಸರು ಹಾಕು ಅಂದ್ರಾ?"

"ಹಾಕು ಅಂದೆ."

"ಅವನನ್ನ ಹೇಗೆ ನಂಬಿದ್ರಿ?"

ಅವಳು ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದಳು. "ಅವತ್ತು ಆಸ್ಪತ್ರೆಯೋರು, ಪೊಲೀಸ್ನೋರು, ನನ್ನ ತಮ್ಮ, ಎಲ್ರೂ ಇಲ್ಲಿ ಒತ್ತು, ಅಲ್ಲಿ ಒತ್ತು, ಸುಮ್ನಿರು ಅಂದ್ರು. ಒತ್ತಿದ್ದು ಏನಕ್ಕೆ ಅಂತ ಹೇಳ್ದೋನು ಅವನೊಬ್ನೇ. ಉಗಿದೆ, ಹೌದು. ಆ ಹೊತ್ತಲ್ಲಿ ಎದುರಿಗೆ ಸಿಕ್ಕೋನು ಅವನೇ ಆಗಿದ್ದ."

ಆ ವಾರವೇ ಹಾಳೆಗಳು ಬೆನ್ನ ಮೇಲೆ ಹೊರೆ ಹೊತ್ತು ಗಡಿ ದಾಟುವ ಒಬ್ಬನ ಕೋಟಿನೊಳಗೆ ಹೋದವು. ಹಾಳೆಗಳು ತಲುಪಿದವೆಂದು ಚಿಮನ್ ತಿಳಿಸಿ, ಸಾಕ್ಷಿಯ ಹೆಸರು ಮುಚ್ಚಿಡಬಹುದು, ಏನು ಮಾಡಲಿ ಎಂದು ಕೇಳಿದಳು. ಮಿರ್ಜಾನನ್ನು ಕೇಳಿದೆ.

"ಹೆಸರಿಲ್ಲದ ಅರ್ಜಿನ ನಮ್ಮ ಕೋರ್ಟಲ್ಲೇ ತಗೊಳ್ಳಲ್ಲ, ಅಲ್ಲಿ ತಗೋತಾರಾ? ಇರ್ಲಿ. ಮುಚ್ಚೋದು ಬೇಡ."

ಪಿರೋಜ್‌ಗೆ ಗೊತ್ತಾ ಎಂದು ಕೇಳಿದೆ. ಗೊತ್ತು, ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ ಎಂದ. ಆಮೇಲೆ, "ಮೂರನೇ ದಿನಕ್ಕೆ ಬಯ್ಯಕ್ಕಾದ್ರೂ ಬಾಯಿ ತೆಗೀತಾಳೆ" ಎಂದ.

ಐದು ವಾರ ಕಳೆದು ಜಿನೀವಾದಿಂದ ಒಂದು ಸಾಲು ಬಂತು: ನಿಮ್ಮ ದೂರು ದಾಖಲಾಗಿದೆ, ಸಂಖ್ಯೆ ಇಂಥದು. ಅದೇ ವಾರ ಅವನನ್ನು ಹಿಡಿದೊಯ್ದರು. ಹೆಸರು ಎಲ್ಲಿಂದ ಹೊರಬಿತ್ತೋ. ಹೊರೆ ಹೊತ್ತವನನ್ನು, ಚಿಮನ್‌ಳ ಕಚೇರಿಯನ್ನು, ಏಳು ಮನೆಗಳನ್ನು, ಪಿರೋಜ್‌ಳ ಅಣ್ಣನನ್ನು, ಎಲ್ಲರನ್ನೂ ಒಬ್ಬೊಬ್ಬರಾಗಿ ಅನುಮಾನಿಸಿ ನೋಡಿದ್ದೇನೆ. ನನ್ನ ಕೈಯಿಂದಲೇ ಏನಾದರೂ ತಪ್ಪಾಯಿತೇ ಎಂದೂ ನೋಡಿದ್ದೇನೆ. ಈಗಲೂ ಗೊತ್ತಿಲ್ಲ.

ಮಣ್ಣಾದ ಮೂರನೆಯ ದಿನ ಲುಕ್ಮಾನ್ ಬಂದ. ಕೋರ್ಟಿನ ಗೇಟಿನಲ್ಲಿ ಚಹಾ ಮಾರುವವನು. ಮಿರ್ಜಾನನ್ನು ಹಿಡಿದಾಗ ಅವನು ಅಲ್ಲೇ ಇದ್ದನಂತೆ. ಅವನ ಮೇಲೂ ನನಗೆ ಅನುಮಾನ ಹುಟ್ಟಿತು.

"ಅಷ್ಟು ಹತ್ರ ನಿಲ್ಲಕ್ಕೆ ನಿನ್ನ ಹೇಗೆ ಬಿಟ್ರು?"

"ಮಾಮೋಸ್ತಾ, ಚಹಾದೋನನ್ನ ಯಾರು ಲೆಕ್ಕಕ್ಕೆ ಇಡ್ತಾರೆ? ಅವರೇ ಮೂರು ಲೋಟ ತರಕ್ಕೆ ಹೇಳಿದ್ರು. ಇಟ್ಟು ಅಲ್ಲೇ ಸಕ್ಕರೆ ಡಬ್ಬಿ ಒರೆಸ್ತಾ ನಿಂತೆ."

ಮೇಜಿನ ಮುಂದೆ ಕೂತು ಬರೆದದ್ದೆನ್ನುವ ಆ ಎರಡನೆಯ ಕಾಗದದ ವಿಷಯ ಪಿರೋಜ್ ಹೊರಗೆ ಯಾರಿಗೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಮೇಜಿನ ಮುಂದೆ ಏನಾಯಿತು ಎಂದಷ್ಟೇ ಕೇಳಿದೆ. ಒಂದೇ ಮಾತನ್ನು ಬೇರೆಬೇರೆ ಥರ ಮೂರು ಸಲ ಕೇಳಿದೆ. ಮೂರು ಸಲವೂ ಅವನು ಒಂದೇ ಹೇಳಿದ.

ಹಿಡಿದೊಯ್ದ ದಿನ ಬೆಳಿಗ್ಗೆ ಹನ್ನೊಂದು ಗಂಟೆ. ಮಫ್ತಿಯಲ್ಲಿದ್ದ ಇಬ್ಬರು ಬಂದು, ಸ್ಟೂಲು ಎಳೆದುಕೊಂಡು ಕೂತರು. ಒಬ್ಬ ಖಾಲಿ ಹಾಳೆ ಮುಂದಿಟ್ಟ. ಹೊರಗೆ ಕಳಿಸಿದ್ದು ಸುಳ್ಳು ಅಂತ ಒಂದು ಹೇಳಿಕೆ ಬರಿ, ಇಲ್ಲೇ ಮುಗಿದುಹೋಗಲಿ ಎಂದ. ಮಿರ್ಜಾ ಪೆನ್ನು ತೆಗೆದುಕೊಂಡು, ದಿನವೂ ಕೇಳುವಂತೆಯೇ ಕೇಳಿದ:

"ಅರ್ಜಿದಾರರು ಯಾರು?"

"ನೀನೇ."

"ಅರ್ಜಿದಾರ ಹೇಳಿದ್ದನ್ನ ಬರೀತೀನಿ. ಅರ್ಜಿದಾರ ಹಾಗೆ ಹೇಳ್ತಿಲ್ಲ."

ಇನ್ನೊಬ್ಬ ಹಾಳೆಯನ್ನು ಅವನ ಎದೆಗೆ ಒತ್ತಿ ಹಿಡಿದ. ಮಿರ್ಜಾ ಅದನ್ನು ಬಿಡಿಸಿ, ಸುಕ್ಕು ಸರಿಮಾಡಿ, ಏನೂ ಬರೆಯದೆ ಅವರ ಕಡೆಗೇ ಸರಿಸಿದ. ಪೆನ್ನಿಗೆ ಮುಚ್ಚಳ ಹಾಕಿದ. ಮಂಡಿಯ ಮೇಲೆ ಕೈಯೂರಿ ಎದ್ದು, ಮೇಜನ್ನು ಮಡಿಚಿ ಗೋಡೆಗೆ ಒರಗಿಸಿದ.